ಸತ್ಯಪ್ಪನ ಚಾನಲ್ ಬಾರದ ಡಬ್ಬಿ

“ಹಲೋ… ಯಾರ್ರೀ ಮಾತಾಡೋದು? ಬೆಳಗಾವಿ ಟೀವಿ ಅಂಗಡಿ ಹೌದಲ್ರೀ?… ಹಾಂ, ಗಜಾನನ ಸಾವ್ಕಾರ್ರ? ನಾನ್ರೀ, ಖಾನಾಪುರದಿಂದ ಮಾಯವ್ವ. ಹ್ವಾದ ವರ್ಷ ನಿಮ್ಮಲ್ಲೇ ಟೀವಿ ಒಯ್ದಿದ್ವಿ…”

ಮಾಯವ್ವ ಕೋಣೆಯ ಬಾಗಿಲು ಎಳೆದುಕೊಂಡು ಬಂದು ಫೋನಿಗೆ ಕೂತಿದ್ದಳು. ಒಳಗಿದ್ದ ಮಗಳು ಮಾಲಾಳ ಕಿವಿಗೆ ಈ ಮಾತು ಬೀಳಬಾರದಿತ್ತು.

“ಒಂದು ಡಬ್ಬಿ ಬೇಕಾಗಿತ್ರೀ… ಅದ, ಡಿಜಿಟಲ್ ಡಬ್ಬಿ. ಮಾಳಿಗಿ ಮ್ಯಾಲ ಹಳೇ ಆಂಟೆನಾ ಐತಿ, ಅದಕ್ಕ ಹಚ್ಚಾಕ ಬರ್ತದಲ್ಲಾ?… ಬರೂದಿಲ್ಲಾ? ಡಿಶ್ ಛತ್ರಿ ಬ್ಯಾರೆ ಕುಂದರಸಬೇಕಾ?… ಹಾಂ… ಆಮ್ಯಾಲ ತಿಂಗಳಾ ತಿಂಗಳಾ ಯಾರಿಗೂ ರೊಕ್ಕಾ ಕೊಡೂದು ಇರೂದಿಲ್ಲ. ಖರೇನ?”

…

“ಯಾವ್ಯಾವ ಚಾನಲ್ ಬರ್ತಾವ ಅನ್ನೂದು ಇರ್ಲಿ ಬಿಡ್ರಿ. ಒಂದು ಚಾನಲ್ ಬರಬಾರದು. ನಮ್ಮೂರ ಕೇಬಲ್ ಸತ್ಯಪ್ಪ ತನ್ನದ ಒಂದು ಚಾನಲ್ ನಡಸ್ತಾನಲ್ಲ, ಅದು… ಬರೂದಿಲ್ಲಾ?… ಇನ್ನೊಮ್ಮೆ ಹೇಳ್ರಿ.”

ಅತ್ತ ಸಾವ್ಕಾರರು ನಕ್ಕರು. ಮಾಯವ್ವನಿಗೆ ಮೈಯೆಲ್ಲ ಉರಿಯಿತು.

“ನಗಬ್ಯಾಡ್ರಿ. ನಮ್ಮ ಮಾಲಾನ ನಿಶ್ಚಯ ಆಗಿ ಮುರೀತು, ಗಂಡಿನವರು ಬ್ಯಾಡಂದ್ರು. ಆಗ ಸತ್ಯಪ್ಪ ತನ್ನ ತಮ್ಮಗ ಆಕಿನ್ನ ಕೇಳಾಕ ಬಂದ, ನಾ ಕೊಡೂದಿಲ್ಲ ಅಂದೆ… ನಿಶ್ಚಯದ ವಿಡಿಯೋ ಕ್ಯಾಸೆಟ್ ತಗದಾವ ಅವನ ಅಲ್ರೀ? ಆ ಸಿಟ್ಟಿಗಿ ಅದನ್ನ ತನ್ನ ಚಾನಲ್‌ನ್ಯಾಗ ಹಾಕಿ ಊರಿಗೆಲ್ಲ ತೋರಿಸಿದ. ಆಕಿ ಉಂಗುರ ತೊಡಸ್ಕೊಳ್ಳೂದು, ನಾಚಿಕೊಂಡು ನಗೂದು… ಹಾಂ, ಮುರದ ಮ್ಯಾಲರೀ. ಅವತ್ತಿಂದ ಹುಡುಗಿ ಸಂತಿಗೂ ಹೋಗಿಲ್ಲ.”

ಮಾಯವ್ವ ಅಳುವುದಕ್ಕೆಂದು ಫೋನು ಹಚ್ಚಿರಲಿಲ್ಲ. ಸತ್ಯಪ್ಪನ ಹೊಟ್ಟೆಯ ಮೇಲೆ ಹೊಡೆಯಬೇಕೆಂದೇ ಓಣಿಯ ಮನೆಮನೆಗೂ ತಿರುಗಿ ಬಂದಿದ್ದಳು.

“ನನಗೊಬ್ಬಾಕಿಗಲ್ರೀ, ಇಡೀ ಓಣಿಗಿ ಬೇಕು. ಬಾಳವ್ವ, ಅಕ್ಕವ್ವ, ಎಲ್ಲಾರೂ ಹೂಂ ಅಂದಾರ… ಡಬ್ಬಿ ಎರಡು ನಮೂನಿ ಅದಾವಾ? ಹಾಂ… ದೊಡ್ಡದರ ಹಿಂದ ಕೇಬಲ್ ವಾಯರೂ ಸಿಗಿಸಾಕ ಬರ್ತದಾ? ಹಂಗಾರ ಅದು ಬ್ಯಾಡ. ಅವನ ವಾಯರಿಗಿ ಜಾಗಾನ ಇರಬಾರದು. ಸಣ್ಣದ ಇರ್ಲಿ… ಚಿತ್ರ ಸ್ವಲ್ಪ ಕಡಿಮಿ ಛಲೋ ಬಂದ್ರೂ ನಡೀತದ್ರೀ.”

…

“ಮತ್ತ ಹಚ್ಚಾಕ ಯಾರು ಬರ್ತಾರ?… ಯಾರು?… ಸತ್ಯಪ್ಪನಾ? ಖಾನಾಪುರದಾಗ ನಿಮ್ಮ ಛತ್ರಿ ಕುಂದರಸಾವ ಅವನಾ?…”

ಮಾಯವ್ವ ರಿಸೀವರನ್ನು ಕಿವಿಯಿಂದ ತುಸು ದೂರ ಹಿಡಿದಳು. ಆಮೇಲೆ ನಕ್ಕಳು. ಮಗಳ ನಿಶ್ಚಯ ಮುರಿದಾಗಿನಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

“ಇಲ್ಲ, ಇಲ್ಲ, ಬ್ಯಾರೇದವರು ಬ್ಯಾಡ. ಅವನ್ನ ಕಳಸ್ರಿ. ಯಾರ ಮನಿ ಅಂತ ಹೇಳಬ್ಯಾಡ್ರಿ. ಇಡೀ ಓಣಿ ಕೆಲಸ ಅಂತ ಅಷ್ಟ ಅನ್ರಿ, ಓಡಿ ಬರ್ತಾನ. ತನ್ನ ವಾಯರ್ ತಾನ ಕೀಳ್ಲಿ…”

…

“ಜಗಳಾನ? ನಾ ಯಾಕ ಜಗಳಾ ಮಾಡ್ಲಿ? ಚಹಾ ಕೊಡ್ತೇನಿ. ಟೀವಿ ಹಚ್ಚಿಕೊಟ್ಟ ಮ್ಯಾಲ ಮಾಲಾನ ಬಾಜೂಕ ಕುಂದರಿಸ್ಕೊಂಡು ಅವಗ ಕೇಳ್ತೇನಿ, ಈಗ ತೋರಸಪಾ, ನನ್ನ ಮಗಳನ್ನ ಇದರಾಗ ತೋರಸು ಅಂತ… ಹಲೋ?… ಕೇಳಸ್ತೇನ್ರೀ?… ಅವನ್ನ ಕಳಸ್ತೀರಲ್ಲಾ?… ಹಲೋ…”

ಲೈನು ಕಡಿದುಹೋಯಿತು.