ಓಕ್ ಮರದ ಕೆಳಗೆ ಎಂಬತ್ತೆಂಟನೇ ದಿನ

ನನ್ನ ಚಿಕ್ಕಮ್ಮನ ಮಗಳು ಲೂಮಿ ರಾತ್ರಿ ಹನ್ನೊಂದೂವರೆಗೆ ಬಸ್ಸಿಳಿಯುತ್ತಾಳೆ. ಆಫೀಸುಗಳ ನೆಲ ಒರೆಸುವ ಕೆಲಸ. ಬ್ರಾಂಕ್ಸಿನಲ್ಲಿ ನಮ್ಮ ಕಟ್ಟಡಕ್ಕೆ ಬರಬೇಕೆಂದರೆ ಸಿಟಿ ಆಸ್ಪತ್ರೆಯ ಹಿಂದಿನ ಗೋಡೆ ಹಿಡಿದು ನಡೆಯಬೇಕು. ಅಲ್ಲೊಂದು ಓಕ್ ಮರ. ಬೇರು ಫುಟ್‌ಪಾತನ್ನೇ ಎತ್ತಿಬಿಟ್ಟಿದೆ. ಕೆಳಗೆ ಒಂದು ಬೆಂಚು.

ಆಗಸ್ಟ್ ತಿಂಗಳು. ಸೆಕೆ. ಬೆಂಚಿನ ಮೇಲೆ ಒಬ್ಬ ಹೆಂಗಸು ಉಣ್ಣೆಯ ಕೋಟು ಹಾಕಿಕೊಂಡು ಕೂತಿದ್ದಳು. ಗುಂಡಿ ಕತ್ತಿನವರೆಗೆ. ತೊಡೆಯ ಮೇಲೆ ಒಂದು ಫೈಲು.

"ಎಷ್ಟು ದಿನ ಆಯ್ತಮ್ಮ?"

ಮೆಲ್ಲಗೆ. ಪಿಸುಮಾತು.

"ಯಾವುದಕ್ಕೆ?" ಅಂದಳು ಲೂಮಿ.

"ಅವನ ಕೈಗೆ..."

ಲೂಮಿ ತಿರುಗಿ ನೋಡದೆ ಬಂದಳು. ಬಂದು ನನ್ನ ಬಾಗಿಲನ್ನು ದಡದಡ ಬಡಿದಳು.

"ಮೆಲೋ, ನಿಂದೇ ಕಿತಾಪತಿ ತಾನೆ? ಆ ಹೆಂಗಸಿಗೆ ಎಷ್ಟು ಕೊಟ್ಟೆ?"

ಅವಳ ತಪ್ಪಲ್ಲ. ನಾನು ಈ ಕಟ್ಟಡದ ನಲ್ಲಿ, ಬಾಯ್ಲರ್ ರಿಪೇರಿ ಮಾಡುವವನು. ಲಿಫ್ಟಿನಲ್ಲಿ ರಬ್ಬರ್ ಇಲಿ ಬಿಟ್ಟವನು ನಾನೇ. ಬಟ್ಟೆ ಒಗೆಯುವ ಕೋಣೆಯಲ್ಲಿ ಬೆಡ್‌ಶೀಟ್ ಹೊದ್ದು ಮಲಗಿದ್ದವನೂ ನಾನೇ. ಒಪ್ಪಿಕೊಂಡಿದ್ದೇನೆ. ಆದರೆ ಇದು ನನ್ನದಲ್ಲ.

ಕೈ ಅಂದರೆ ಲೂಮಿಯ ಗಂಡ ಎವಾರಿಸ್ತೋನ ಬಲಗೈ. ಅವನು ಕಟಿಂಗ್ ಶಾಪಿನವನು. ಮೇ ತಿಂಗಳಲ್ಲಿ ಹೊಟ್ಟೆನೋವೆಂದು ಅದೇ ಆಸ್ಪತ್ರೆಗೆ ಸೇರಿದ. ಡ್ರಿಪ್ ಹಾಕಿದ ಸೂಜಿ ಜಾರಿ, ಔಷಧಿ ರಾತ್ರಿಯಿಡೀ ಚರ್ಮದ ಕೆಳಗೆ ಇಳಿಯಿತು. ಕೈ ಬನ್ನಿನ ಹಾಗೆ ಊದಿತು. ಗಂಟೆ ಒತ್ತಿದ. ಯಾರೂ ಬರಲಿಲ್ಲ. ಈಗ ಹೊಟ್ಟೆ ಸರಿಯಿದೆ, ಮೂರು ಬೆರಳಿಗೆ ಸ್ಪರ್ಶವಿಲ್ಲ. ಕತ್ತರಿ ಹಿಡಿದರೆ ಬೀಳುತ್ತೆ. ಟಣ್. ಎತ್ತಿಕೊಳ್ಳುತ್ತಾನೆ. ಮತ್ತೆ ಟಣ್.

ದಿನವಿಡೀ ಕಿಟಕಿ ಹತ್ತಿರ ಕೂತು ಬಾಚಣಿಗೆಯನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಬದಲಾಯಿಸುತ್ತಿರುತ್ತಾನೆ. ಲೂಮಿಯೂ ಹಾಗೇ ಆಗಿದ್ದಳು. ಅನ್ನ, ಬೀನ್ಸು ಬೇಯಿಸುತ್ತಾಳೆ, ತಟ್ಟೆ ಇಡುತ್ತಾಳೆ, ತಟ್ಟೆ ತೆಗೆಯುತ್ತಾಳೆ. ಅಳುವುದೂ ಇಲ್ಲ.

ಪರಿಹಾರ ಕೇಳೋಣ ಎಂದರೆ, "ಕೇಳಿಯಾಯ್ತಲ್ಲ," ಅನ್ನುವಳು. ಆಸ್ಪತ್ರೆಯ ದೂರಿನ ಕೌಂಟರಿನಲ್ಲಿ ಒಬ್ಬ ಹುಡುಗಿ ಎಲ್ಲ ಬರೆದುಕೊಂಡು, ಸೀಲು ಹಾಕಿ, ಒಂದು ಪ್ರತಿ ಕೊಟ್ಟಿದ್ದಳು. ಲೂಮಿ ಅದನ್ನು ಮೇರಿ ಮಾತೆಯ ಪಟದ ಹಿಂದೆ ಸಿಕ್ಕಿಸಿಟ್ಟಿದ್ದಳು. ಇನ್ನು ಕಟಿಂಗ್ ಶಾಪಿನಲ್ಲಂತೂ ಕುರ್ಚಿಗೊಬ್ಬ ವಕೀಲ. "ಅವಸರ ಏನೂ ಇಲ್ಲ ತಾಯಿ, ಎರಡೂವರೆ ವರ್ಷ ಟೈಮಿದೆ," ಎಂದು ಎಲ್ಲರೂ ಸೇರಿ ತೀರ್ಪು ಕೊಟ್ಟಿದ್ದರು. ನಾನೂ ಕೊಟ್ಟಿದ್ದೆ.

ಆಮೇಲೆ ಬಹಳ ದಿನ ಬೆಂಚು ಖಾಲಿ.

ಒಂದು ಶನಿವಾರ ರಾತ್ರಿ ಲೂಮಿ ಬರುತ್ತಿದ್ದಾಗ... ತಲೆ ಮೇಲಿನ ಹಳಿಯಲ್ಲಿ ರೈಲು ಗಡಗಡಗಡ ಹೋಯಿತು. ಗಡಗಡ ನಿಂತ ಮೇಲೆ ಇನ್ನೊಂದು ಸದ್ದು. ಠಪ್... ಠಪ್... ಒದ್ದೆ ಸೀಲನ್ನು ಕಾಗದದ ಮೇಲೆ ಒತ್ತಿದ ಹಾಗೆ. ಬೆಂಚಿನ ಮೇಲೆ ಅದೇ ಕೋಟು.

"ಎಂಬತ್ತೆಂಟು," ಅಂದಳು ಹೆಂಗಸು. ಈ ಸಲ ಕೇಳಲಿಲ್ಲ, ಹೇಳಿದಳು.

ಲೂಮಿ ಈ ಸಲ ನಿಂತಳು. ಹೆದರಿಕೆಯೂ ಆಗಲಿಲ್ಲವಂತೆ. "ಹೆದರೋಕೂ ಮೈಯಲ್ಲಿ ಏನಾದ್ರೂ ಇರಬೇಕಲ್ಲ," ಅಂದಳು ಆಮೇಲೆ ನನಗೆ.

ಹೆಂಗಸು ಫೈಲು ತೆರೆದಳು. ಸರಸರ... ಒಳಗೆ ಅದೇ ಕೌಂಟರಿನ ಕಾಗದ, ಅದೇ ಸೀಲು. ಹಳದಿಯಾಗಿತ್ತು. ಮೇಲೆ ಹೆಸರು: ಬಾಲ್ಬಿನಾ ಕ್ವೆಸಾದಾ.

"ನನ್ನ ಗಂಡನ ಕಣ್ಣು... ನಾನೂ ಪಟದ ಹಿಂದೆ ಇಟ್ಟಿದ್ದೆ. ಇದು ಅವರ ಲೆಕ್ಕಕ್ಕೆ ಬರಲ್ಲಮ್ಮ."

"ಮತ್ತೆ ಯಾವುದು ಬರುತ್ತೆ?"

"ನಾನು ತೊಂಬತ್ತೊಂದನೇ ದಿನ ಹೋದೆ."

ಅಷ್ಟೇ. ಲೂಮಿ ಒಮ್ಮೆ ರೆಪ್ಪೆ ಬಡಿದಳು. ಬೆಂಚು ಖಾಲಿ.

ಭಾನುವಾರ ಬೆಳಿಗ್ಗೆ ನನಗೆ ಹೇಳಿದಳು. ನಾನು ನಕ್ಕೆ. ಆದರೂ ಇಬ್ಬರೂ ಮೂರನೇ ಮಹಡಿಯ ದೋನ್ಯಾ ಒರ್ತೆನ್ಸಿಯಾ ಹತ್ತಿರ ಹೋದೆವು. ಮುದುಕಿ ಮೂವತ್ತು ವರ್ಷ ವಕೀಲರ ಆಫೀಸಿನಲ್ಲಿ ಟೈಪು ಮಾಡಿದವಳು.

"ಸಿಟಿ ಆಸ್ಪತ್ರೆಯಾ?" ಕಾಫಿ ಲೋಟ ಕೆಳಗಿಟ್ಟಳು. "ಯಾವನೇ ಎರಡೂವರೆ ವರ್ಷ ಅಂದವನು?"

ಲೂಮಿ ನನ್ನನ್ನು ನೋಡಿದಳು.

"ಈ ಇಲಿ ವ್ಯಾಪಾರಿಯಾ? ಖಾಸಗಿ ಆಸ್ಪತ್ರೆ ಆಗಿದ್ರೆ ಸರಿ. ಸಿಟಿ ಮೇಲೆ ಕೇಸು ಹಾಕಬೇಕಾದ್ರೆ ಮೊದಲು ನೋಟಿಸು ಕೊಡಬೇಕು. ತೊಂಬತ್ತು ದಿನದೊಳಗೆ. ಪ್ರಮಾಣ ಮಾಡಿ ಸಹಿ ಹಾಕಿ, ರಿಜಿಸ್ಟರ್ ಪೋಸ್ಟಲ್ಲಿ. ತಪ್ಪಿದ್ರೆ ಜಡ್ಜ್ ಕಾಲು ಹಿಡೀಬೇಕು, ಅವರು ಒಪ್ಪಿದ್ರೆ ಒಪ್ಪಿದ್ರು. ಇವತ್ತು ಎಷ್ಟನೇದು?"

"ಎಂಬತ್ತೊಂಬತ್ತು," ಅಂದಳು ಲೂಮಿ. ಕ್ಯಾಲೆಂಡರ್ ನೋಡಲೇ ಇಲ್ಲ. ಮುದುಕಿ ಬೆರಳು ಮಡಿಸಿ ಎಣಿಸಿದಳು. ಸರಿಯಾಗಿತ್ತು.

ಮುದುಕಿ ಸಂಜೆಯವರೆಗೆ ಟೈಪು ಮಾಡಿದಳು. ಯಾವ ದಿನ, ಯಾವ ವಾರ್ಡು, ಎಷ್ಟು ಸಲ ಗಂಟೆ ಒತ್ತಿದ. ಎವಾರಿಸ್ತೋ ಎದುರಿಗೆ ಕೂತು, ಬೇರೆ ಯಾರದೋ ಕೈಯ ವಿಷಯವೆಂಬಂತೆ ಉತ್ತರ ಹೇಳಿದ.

ಆ ರಾತ್ರಿ ನಾನೊಬ್ಬನೇ ಓಕ್ ಮರದ ಹತ್ತಿರ ಹೋದೆ. ಬೆಡ್‌ಶೀಟ್ ತೆಗೆದುಕೊಂಡೇ ಹೋಗಿದ್ದೆ. ಹೆದರಿಸುವವರನ್ನು ಹೆದರಿಸಿ ಅಭ್ಯಾಸ. ಬೆಂಚಿನ ಮೇಲೆ ಯಾರೂ ಇರಲಿಲ್ಲ. ಠಪ್... ಸದ್ದು ಕಾಂಡದ ಒಳಗಿನಿಂದ. ಠಪ್... ನಾನು ಓಡಲಿಲ್ಲ. ಬೇಗ ಬೇಗ ನಡೆದೆ. ಬೆಡ್‌ಶೀಟ್ ಅಲ್ಲೇ ಉಳಿಯಿತು.

ಸೋಮವಾರ. ತೊಂಬತ್ತು. ವಿಮಾನದ ಟಿಕೆಟು ಮಾರುವ ಅಂಗಡಿಯಲ್ಲೇ ನೋಟರಿ ಕೂರುವುದು, ಅವನು ಊಟಕ್ಕೆ ಹೋಗಿದ್ದ. ಮೂರಕ್ಕೆ ಬಂದ. ಎವಾರಿಸ್ತೋನ ಬೆರಳಿನಲ್ಲಿ ಪೆನ್ನು ನಿಲ್ಲಲಿಲ್ಲ, ಎರಡು ಸಲ ಬಿತ್ತು. ಲೂಮಿ ಅವನ ಕೈಯನ್ನು ತನ್ನ ಕೈಯಿಂದ ಮುಚ್ಚಿ ಹಿಡಿದಳು, ಅವನು ಹೆಸರು ಬರೆದ. ಅಂಚೆ ಕಚೇರಿಯ ಕೌಂಟರು ಐದಕ್ಕೆ ಮುಚ್ಚುತ್ತೆ. ನಾವು ಹೋದಾಗ ಐದಕ್ಕೆ ಆರು ನಿಮಿಷ. ಗುಮಾಸ್ತ ಲಕೋಟೆ ತೂಗಿದ, ಮುಟ್ಟಿದ ಮೇಲೆ ಸಹಿಯಾಗಿ ವಾಪಸು ಬರುವ ಹಸಿರು ಅಕ್ನಾಲೆಡ್ಜ್‌ಮೆಂಟ್ ಕಾರ್ಡು ಅಂಟಿಸಿದ, ರಸೀದಿಗೆ ಮೊಹರು ಒತ್ತಿದ.

ಠಪ್.

ಲೂಮಿ ನನ್ನ ತೋಳು ಹಿಡಿದಳು.

ಆಮೇಲೆ ಬೆಂಚಿನ ಮೇಲೆ ಯಾರೂ ಕಂಡಿಲ್ಲ. ಕೇಸು ನಡೆಯುತ್ತಿದೆ. ಕತ್ತರಿ ಇನ್ನೂ ಬೀಳುತ್ತದೆ.

ನಂಬುವುದು ಬಿಡುವುದು ನಿಮ್ಮಿಷ್ಟ. ಆಮೇಲೆ ಬಂದ ಟಪಾಲನ್ನು ಲೂಮಿ ನಂಬಲಿಲ್ಲ, ಇವತ್ತಿಗೂ ನನ್ನದೇ ಕೈವಾಡ ಅನ್ನುತ್ತಾಳೆ. ಖಾಲಿ ಹಸಿರು ಕಾರ್ಡು ಅಂಚೆ ಕಚೇರಿಯಲ್ಲಿ ಪುಕ್ಕಟೆ ಸಿಗುತ್ತೆ, ಒಪ್ಪಿದೆ. ಸಿಟಿ ಆಫೀಸಿನ ಸೀಲು ನನಗೆಲ್ಲಿ ಸಿಗಬೇಕು? ಅವಳು ಕಳಿಸಿದ್ದು ಒಂದು ಲಕೋಟೆ. ರಸೀದಿ ಒಂದು. ಗುರುವಾರ ಅವಳ ಟಪಾಲು ಡಬ್ಬಿಗೆ ಬಂದದ್ದು ಎರಡು ಹಸಿರು ಕಾರ್ಡು. ಎರಡರ ಮೇಲೂ ಒಂದೇ ಸಹಿ, ಒಂದೇ ತಾರೀಕು, ಮುಟ್ಟಿತು ಎಂಬ ಸೀಲು. ಎರಡನೆಯದು ಹಳದಿಯಾಗಿತ್ತು. ಕಳಿಸಿದವರ ಹೆಸರಿನ ಜಾಗದಲ್ಲಿ, ಪೆನ್ಸಿಲಿನಲ್ಲಿ, ಬಾಲ್ಬಿನಾ ಕ್ವೆಸಾದಾ.