ದ್ಯಾಮೇಶನ ಏಣಿ

ಗಜೇಂದ್ರಗಡದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಬೇರೆಯವರ ಕೂಸನ್ನು ಸ್ವಲ್ಪ ಕಾಲ ಸಾಕಿಕೊಡುತ್ತೇವೆಂದು ಅರ್ಜಿ ಕೊಟ್ಟು ಬಂದವರು. ಕಿವಿಗೊಡಬಾರದಿತ್ತು, ಕೊಟ್ಟೆ. ಹೆಂಡತಿ ಕೇಳುತ್ತಿದ್ದಳು:

“ವಯಸ್ಸು ಸರಿ ಐತಿ, ದವಾಖಾನಿ ಸರ್ಟಿಫಿಕೇಟೂ ಸಿಕ್ತು. ಮತ್ಯಾಕ ಮಾರಿ ಸಣ್ಣದು ಮಾಡೀರಿ?”

“ಹೆತ್ತವರು ಕೇಳಿದ ದಿನ ಕೂಸನ್ನ ತಿರುಗಿ ಕೊಡ್ತೀರೇನು ಅಂತ ಮೇಡಮ್ಮಾರು ಕೇಳಿದ್ರಲ್ಲ?”

“ಕೊಡ್ತೀವ್ರಿ ಅಂತ ನೀವ ಮೊದಲ ಅಂದ್ರಿ.”

“ಅಂದೆ. ಆದ್ರ ಅವರು ನಮ್ಮ ಓಣ್ಯಾಗ ಬಂದು ವಿಚಾರಿಸ್ತಾರಂತ. ಮಗ್ಗಲ ಮನಿ ದ್ಯಾಮೇಶನ ಏಣಿ ಮೂರು ವರ್ಷದಿಂದ ನಮ್ಮ ಹಿತ್ತಲದಾಗ ಐತಿ. ಮುದುಕವ್ವನ ಒನಕಿ, ಮಾಸ್ತರರ ಛತ್ರಿ ಸೈತ ನಮ್ಮಲ್ಲೇ ಅದಾವು. ತಂದಿದ್ದನ್ನ ನಾ ಯಾವತ್ತರ ತಿರುಗಿ ಕೊಟ್ಟೇನೇನು? ಇಂಥವನ ಕೈಯಾಗ ಯಾರು ಕೂಸು ಕೊಡ್ತಾರ?”

“ನಾಳೆ ಮುಂಜಾನೆ ಎಲ್ಲಾ ಕೊಟ್ಟು ಬರ್ರಿ.”

“ಕೊಡ್ತೀನಿ. ಏಣಿದು ಒಂದು ಮೆಟ್ಟಲ ಮುರದೈತಿ, ಬಡಿಗ್ಯಾನ ಕಡೆ ಹಾಕಿಸಿ ಕೊಡ್ತೀನಿ.”

ಮುಶಿಗೇರಿ ಬಂತು. ಇಬ್ಬರೂ ಎದ್ದರು. ಬಾಗಿಲ ಹತ್ತಿರ ಹೆಂಡತಿ ಮೆಲ್ಲಗೆ ಕೇಳಿದಳು:

“ಕೂಸನ್ನ ಕೇಳಾಕ ಬಂದ ದಿನ?”

“ಅವತ್ತು ನೀನ ಕೊಟ್ಟು ಕಳಸು. ನಾ ಮತ್ತ ಏಣಿ ಕೇಳಾಕ ದ್ಯಾಮೇಶನ ಮನಿಗೆ ಹೋಗಿರ್ತೀನಿ.”