ಖಾಲಿ ಬಿಟ್ಟ ಕಾಲಂ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಕೈರೋದಿಂದ ಬಂದಿರುವ ಅತಿಥಿ ವೈದ್ಯರೇ, ಊದಿದ ಮೊಣಕಾಲಿನಲ್ಲೇ ಮೆಟ್ಟಿಲು ಹತ್ತಿ ಬಂದ ನನ್ನ ರೋಗಿಗಳೇ, ನಮ್ಮ ದಮಿಯೆತ್ತಾ ಊರಿನ ಸಭಿಕರೇ,

ಇವತ್ತು ನಿವೃತ್ತಳಾಗುವವರೆಗೆ ಇಪ್ಪತ್ತಾರು ವರ್ಷ ಈ ಆಸ್ಪತ್ರೆಯಲ್ಲಿ ಕೀಲುವಾತದ ರೋಗಿಗಳ ನೋಂದಣಿ ಬರೆದೆ. ಸಂಶೋಧನೆಗೆಂದು ಅವರು ಕೊಟ್ಟ ರಕ್ತವನ್ನು ಶೀತಪೆಟ್ಟಿಗೆಯಲ್ಲಿ ಕಾಪಾಡಿದೆ. "ಒಂದು ತಪ್ಪೂ ಕಾಣದ ಕೈ" ಎಂದು ಅಧ್ಯಕ್ಷರು ಹೊಗಳಿದರು. ಅವರದು ದೊಡ್ಡ ಮನಸ್ಸು. ಆದರೆ ಅದು ಸುಳ್ಳು, ಸಭಿಕರೇ.

ಹಿಂದೊಮ್ಮೆ ಕುರ್ಚಿ ಮಂಚಗಳಿಗೆ ಪಾಲಿಶ್ ಹಚ್ಚುವ ಒಬ್ಬ ಹೆಂಗಸು ಬಂದಿದ್ದರು. ತೋಳು ಚಾಚಿ, "ತಗೋಳಮ್ಮಾ, ಎಷ್ಟು ಬೇಕೋ ಅಷ್ಟು ತಗೋ! ಈ ಬೆರಳಂತೂ ಚಹಾ ಲೋಟ ಹಿಡಿಯೋಕೂ ಲಾಯಕ್ಕಿಲ್ಲ, ರಕ್ತನಾದ್ರೂ ಕೆಲಸ ಮಾಡ್ಲಿ" ಎಂದರು. ಹೆಸರು ಕೇಳಿದೆ. ಜೊತೆಗಿದ್ದ ಗಡ್ಡದ ಮಗ ಮುಖ ಗಂಟಿಕ್ಕಿದ: "ಉಮ್ಮ್ ಶಾಕಿರ್ ಅಂತ ಬರ್ಕೊಳ್ಳಿ, ಸಾಕು." ಶಾಕಿರನ ತಾಯಿ. ನಾಲ್ಕು ಜನರೆದುರು ತಾಯಿಯ ಹೆಸರು ಹೇಳಿಸುವುದು ನಮ್ಮಲ್ಲಿ ಮರ್ಯಾದೆಯೇ? ನಾನೋ, ಮಹಾ ಮರ್ಯಾದಸ್ಥೆ! ಹಾಗೇ ಬರೆದೆ. ಗುರುತಿನ ಚೀಟಿಯ ಸಂಖ್ಯೆಯ ಕಾಲಂ ಖಾಲಿ ಬಿಟ್ಟೆ.

ಎಂಟು ತಿಂಗಳ ನಂತರ ಪ್ರಯೋಗಾಲಯದಿಂದ ಫೋನ್ ಬಂತು. "ಉಮ್ಮ್ ಶಾಕಿರ್ ಅಂತ ಚೀಟಿ ಇರೋ ರಕ್ತದಲ್ಲಿ ಮೂತ್ರಪಿಂಡಕ್ಕೆ ಅಪಾಯದ ಸೂಚನೆ ಇದೆ. ಕೂಡಲೇ ಕರೆಸಿ, ಈಗಲಾದ್ರೆ ಔಷಧಿ ಇದೆ." ಕರೆಸುವುದು ಯಾರನ್ನು? ಪುಸ್ತಕದಲ್ಲಿ ಐವರು ಉಮ್ಮ್ ಶಾಕಿರ್! ನಾಲ್ವರು ಸಿಕ್ಕರು, ಆಕೆ ಮಾತ್ರ ಸಿಗಲಿಲ್ಲ. ಮಗ ಕೊಟ್ಟ ಫೋನ್ ನಂಬರ್ ಬದಲಾಗಿತ್ತು. ಬಡಗಿಗಳ ಓಣಿ ಓಣಿ ಅಲೆದೆ. "ಯಾವ ಉಮ್ಮ್ ಶಾಕಿರ್ರೀ, ಬೀದಿಗೊಬ್ರು ಇದಾರೆ" ಎಂದು ನಕ್ಕರು.

ಒಂದು ವರ್ಷದ ಮೇಲೆ ಸಿಕ್ಕರು, ಡಯಾಲಿಸಿಸ್ ಕೋಣೆಯಲ್ಲಿ. ನಾನು ಅತ್ತುಬಿಟ್ಟೆ. ಆಕೆ ಬೈಯಲಿಲ್ಲ. "ಸುಮ್ನಿರೇ ಹುಚ್ಚಿ, ಹೆಸರು ಅಂತ ಕೇಳಿದ್ದು ನೀನೊಬ್ಳೇ. ನಾನಾದ್ರೂ ಬಾಯಿ ಬಿಡ್ಬೇಕಿತ್ತು. ಈಗ ಬರ್ಕೋ, ವಜೀದಾ. ನಾಲ್ಕು ಜನಕ್ಕೆ ಕೇಳೋ ಹಾಗೆ ಹೇಳು" ಎಂದರು. ಮುಂದಿನ ಚಳಿಗಾಲ ಕಾಣುವ ಮೊದಲೇ ಅವರು ತೀರಿಕೊಂಡರು. ನಾನು ನಾಲ್ಕು ಜನಕ್ಕೆ ಹೇಳಲೂ ಇಲ್ಲ. ಹೇಳಿದ್ದರೆ ನನ್ನ ತಪ್ಪೂ ಹೊರಗೆ ಬೀಳುತ್ತಿತ್ತಲ್ಲ!

ಇವತ್ತು ಹೇಳುತ್ತಿದ್ದೇನೆ. ವಜೀದಾ. ಅವರ ರಕ್ತದ ಸೀಸೆ ಎರಡನೇ ಶೀತಪೆಟ್ಟಿಗೆಯಲ್ಲಿ ಇನ್ನೂ ಇದೆ, 'ಉಮ್ಮ್ ಶಾಕಿರ್' ಎಂಬ ಹಳೆಯ ಚೀಟಿಯಲ್ಲೇ. ಕೀಲಿಕೈ ಒಪ್ಪಿಸುವ ಮುನ್ನ ಆ ಒಂದು ಚೀಟಿ ಬದಲಿಸಲು ಅಪ್ಪಣೆ ಕೊಡಿ, ಅಧ್ಯಕ್ಷರೇ. ನನಗೆ ಬೇರೆ ಸನ್ಮಾನ ಬೇಡ.

ಈ ಫಲಕಕ್ಕಾಗಿ ಎಲ್ಲರಿಗೂ ಕೃತಜ್ಞತೆಗಳು. ಇದರ ಮೇಲೆ 'ಉಮ್ಮ್ ಹೈಸಮ್' ಎಂದು ಗೌರವದಿಂದಲೇ ಕೆತ್ತಿಸಿದ್ದೀರಿ, ಬಲ್ಲೆ. ನನ್ನ ಹೆಸರು ಇನ್ಸಾಫ್. ನಮಸ್ಕಾರ.